ಡ್ರೈವರ್ ಸೀಟು ಅಲ್ಲಾಡುತ್ತಿದೆ, ನೆಲಕ್ಕೇ ವೆಲ್ಡ್ ಮಾಡಿಸಬಹುದಾ?

ಪ್ರಶ್ನೆ: ಅಪ್ಪ 1997ರಲ್ಲಿ ಕೊಂಡ ಮಾರುತಿ 800 ನಮ್ಮಲ್ಲಿದೆ. ಕಾರ್ಬುರೇಟರ್ ಮಾಡೆಲ್. ಈಗ ನಾನು ದಿನಾ ನಾಪೋಕ್ಲಿನಿಂದ ಮೂರ್ನಾಡಿಗೆ ಶಾಲೆಗೆ ಓಡಿಸುತ್ತೇನೆ. ತಿರುವಿನಲ್ಲಿ ಡ್ರೈವರ್ ಸೀಟು ಒಂದು ಕಡೆಗೆ ವಾಲುತ್ತದೆ. ಬ್ರೇಕ್ ಹಾಕಿದರೆ ಕಟಕ್ ಅನ್ನುತ್ತದೆ. ಗ್ಯಾರೇಜಿನಲ್ಲಿ ಮ್ಯಾಟ್ ಎತ್ತಿ ನೋಡಿದರು. ಹಿಂದಿನ ಬೋಲ್ಟುಗಳಲ್ಲಿ ಬಾಗಿಲ ಕಡೆಯದರ ಸುತ್ತ ನೆಲದ ತಗಡು ತುಕ್ಕು ಹಿಡಿದು ತೂತಾಗಿದೆ. ಮುಂದಿನ ಒಂದು ಬೋಲ್ಟು ಸುಮ್ನೆ ಸುತ್ತುತ್ತದೆ, ಬಿಗಿಯೂ ಆಗಲ್ಲ, ಬಿಚ್ಚಲೂ ಬರಲ್ಲ. ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ರೈಲನ್ನೇ ನೆಲಕ್ಕೆ ವೆಲ್ಡ್ ಮಾಡಿಬಿಟ್ಟರೆ ಅರ್ಧ ಗಂಟೆ ಕೆಲಸ ಅಂತಾರೆ. ಮಾಡಿಸಬಹುದಾ? ಕಾರು ಮಾರಲು ಮನಸ್ಸಿಲ್ಲ.
(ಒಬ್ಬ ಶಿಕ್ಷಕಿ, ನಾಪೋಕ್ಲು)

ಉತ್ತರ:

ಬೇಡ ಟೀಚರ್. ಅದೊಂದನ್ನು ಮಾತ್ರ ಮಾಡಿಸಬೇಡಿ. ನಿಮ್ಮ ಅಪ್ಪನ ಕಾರನ್ನು ಉಳಿಸಿಕೊಳ್ಳಬಹುದು, ಆದರೆ ದಾರಿ ಬೇರೆ. ಕೆಲಸ ಮುಗಿಯುವವರೆಗೆ ಆ ಸೀಟಿನಲ್ಲಿ ಕೂತು ಓಡಿಸಲೂ ಬೇಡಿ. ಕೆಲವು ದಿನ ಬಸ್ಸಿನಲ್ಲಿ ಹೋಗಿ. ಕಷ್ಟ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ.

ಯಾಕೆ ಅಂದರೆ, ಸೀಟು ಅಲ್ಲಾಡುವುದು ಬರೀ ಕಿರಿಕಿರಿಯ ವಿಷಯ ಅಲ್ಲ. ಸ್ಟೇರಿಂಗ್ ಹಿಡಿಯುವ ಕೈ, ಬ್ರೇಕ್ ಒತ್ತುವ ಕಾಲು, ಎದೆಯ ಮೇಲಿನ ಬೆಲ್ಟು, ಎಲ್ಲವೂ ಸೀಟು ತನ್ನ ಜಾಗದಲ್ಲಿ ಇರುತ್ತದೆ ಅನ್ನುವ ಲೆಕ್ಕದ ಮೇಲೆ ಕೆಲಸ ಮಾಡುತ್ತವೆ. 40 ಕಿ.ಮೀ. ವೇಗದಲ್ಲಿ ಹೋಗುವ ಕಾರು ಮರಕ್ಕೆ ಗುದ್ದಿದರೆ, ಒಳಗಿದ್ದವರಿಗೆ ಸುಮಾರು 20 ಅಡಿ ಎತ್ತರದಿಂದ ಬಿದ್ದಷ್ಟು ಪೆಟ್ಟು. ಕಾಳುಮೆಣಸು ಕೊಯ್ಯುವ ಏಣಿಯ ತುದಿ ನೆನಪು ಮಾಡಿಕೊಳ್ಳಿ, ಎತ್ತರ ಎಷ್ಟು ಅಂತ ಗೊತ್ತಾಗುತ್ತದೆ. ನಮ್ಮ ರಸ್ತೆಗಳಲ್ಲಿ 40 ದೊಡ್ಡ ವೇಗವೇನೂ ಅಲ್ಲ.

ವಾಹನಗಳ ಬಗ್ಗೆ ವಿಶ್ವಸಂಸ್ಥೆಯ ನಿಯಮಗಳಿವೆ. ಅದರಲ್ಲಿ 17ನೆಯದು ಸೀಟಿನ ಬಗ್ಗೆ. ಸೀಟು ಮತ್ತು ಅದರ ಹಿಡಿತ 20 ಜಿ ಹೊಡೆತ ತಡೆಯಬೇಕು ಅನ್ನುತ್ತದೆ ಆ ನಿಯಮ. ಅಂದರೆ ಸೀಟಿನ ತೂಕದ 20 ಪಟ್ಟು ಎಳೆತ. ಸೀಟು 12 ಕಿಲೋ ಇದ್ದರೆ 240 ಕಿಲೋ ಆಯಿತು. ಸುಮಾರು ಐದು ಚೀಲ ಕಾಫಿ ಒಟ್ಟಿಗೆ ಎಳೆದ ಹಾಗೆ. ಇದು ಬರೀ ಖಾಲಿ ಸೀಟಿನ ಲೆಕ್ಕ. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಅವರ ಮಂಡಿಯೂ ಬಂದು ನಿಮ್ಮ ಸೀಟಿನ ಬೆನ್ನಿಗೇ ಗುದ್ದುತ್ತದೆ. ಇದೆಲ್ಲ ಹೋಗಿ ಕೂರುವುದು ಸೀಟನ್ನು ನೆಲಕ್ಕೆ ಹಿಡಿದಿರುವ ನಾಲ್ಕು ಬೋಲ್ಟಿನ ಮೇಲೆ.

ಬೋಲ್ಟು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಅಚ್ಚಾಗಿರುವ 8 ಮಿ.ಮೀ. ಬೋಲ್ಟನ್ನು ತುಂಡು ಮಾಡಲು ಹೆಚ್ಚು ಕಡಿಮೆ ಮೂರು ಟನ್ ಎಳೆತ ಬೇಕು. ಸೋಲುವುದು ಅದರ ಕೆಳಗಿನ ತಗಡು. ನೆಲದ ತಗಡಿನ ದಪ್ಪ ಒಂದು ಮಿ.ಮೀ.ಗೂ ಕಡಿಮೆ. ಕಾರಿನಲ್ಲಿ ಬೋಲ್ಟು ಒಂದು ನಟ್ಟಿಗೆ ಬಿಗಿಯುತ್ತದೆ. ಆ ನಟ್ಟನ್ನು ಕಂಪನಿಯಲ್ಲೇ ತಗಡಿಗೋ, ಒಂದು ದಪ್ಪ ಪಟ್ಟಿಗೋ ವೆಲ್ಡ್ ಮಾಡಿರುತ್ತಾರೆ. ಎಳೆತ ಬೋಲ್ಟಿನಿಂದ ನಟ್ಟಿಗೆ, ನಟ್ಟಿನಿಂದ ಪಟ್ಟಿಗೆ, ಪಟ್ಟಿಯಿಂದ ಅಗಲವಾಗಿ ನೆಲಕ್ಕೆ, ಅಲ್ಲಿಂದ ಬಾಗಿಲ ಕೆಳಗಿನ ಸಿಲ್ ಮತ್ತು ನೆಲಕ್ಕೆ ಅಡ್ಡಲಾಗಿರುವ ಪೆಟ್ಟಿಗೆಯಂಥ ಕ್ರಾಸ್ ಮೆಂಬರಿಗೆ ಹೋಗಬೇಕು. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದೆ ಅಂತ ಹುಡುಕಿ ಅಲ್ಲೇ ಸರಿ ಮಾಡಬೇಕು. ರೈಲನ್ನು ನೆಲಕ್ಕೆ ವೆಲ್ಡ್ ಮಾಡಿದರೆ ದಪ್ಪ ಕಬ್ಬಿಣವನ್ನು ತುಕ್ಕು ತಿಂದ ತೆಳು ತಗಡಿಗೆ ಅಂಟಿಸಿದಂತೆ ಆಗುತ್ತದೆ. ವೆಲ್ಡಿನ ಅಂಚಿನಲ್ಲೇ ತಗಡು ಕಾಗದದ ಹಾಗೆ ಹರಿಯುತ್ತದೆ. ಶಾಖಕ್ಕೆ ರೈಲು ಸೊಟ್ಟಗಾಗಿ ಸೀಟಿನ ಲಾಕು ಸರಿಯಾಗಿ ಕೂರುವುದಿಲ್ಲ. ಮುಂದೆ ಸೀಟು ಬಿಚ್ಚಿ ಕೆಳಗೆ ಏನಾಗಿದೆ ಅಂತ ನೋಡಲೂ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಹೀಗೇ ವೆಲ್ಡ್ ಮಾಡಿಸಿದ್ದ ಒಂದು ಓಮ್ನಿ ಬಂದಿತ್ತು. ಹಿಂದೆ ಯಾರು ಮಾಡಿದ್ದರೋ ಗೊತ್ತಿಲ್ಲ. ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಸೀಟು ನೆಲದ ತಗಡನ್ನೂ ಕಿತ್ತುಕೊಂಡು ಮುಂದಕ್ಕೆ ಮಗುಚಿತ್ತು. ಓಡಿಸುತ್ತಿದ್ದವರಿಗೆ ಏನೂ ಆಗಲಿಲ್ಲ, ಪುಣ್ಯ. ಕಿತ್ತು ಬಂದ ತಗಡಿನ ಆಕಾರ ಸರಿಯಾಗಿ ವೆಲ್ಡಿನ ಗೆರೆಯದ್ದೇ ಆಗಿತ್ತು. ಅದನ್ನು ಇವತ್ತಿಗೂ ಮರೆತಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಎರಡಕ್ಕೂ ಮದ್ದು ಬೇರೆ. ಅದಕ್ಕೆ ಮೊದಲು ಸೀಟು ಪೂರ್ತಿ ಹೊರಗೆ ತೆಗೆಸಿ. ಮ್ಯಾಟು, ಅದರ ಕೆಳಗಿನ ಫೆಲ್ಟು, ಅದಕ್ಕೂ ಕೆಳಗೆ ಅಂಟಿಸಿರುವ ಡಾಂಬರಿನಂಥ ಹಾಳೆ, ಎಲ್ಲ ತೆಗೆಸಿ. ಆಮೇಲೆ ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ನೆಲವನ್ನು ಅಂಗೈ ಅಗಲಕ್ಕೊಂದು ಸಲ ಒತ್ತುತ್ತಾ ಹೋಗಬೇಕು. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಡಬ್ ಅನ್ನುತ್ತದೆ, ಇಲ್ಲವೇ ಸ್ಕ್ರೂಡ್ರೈವರ್ ತೂರಿಯೇ ಹೋಗುತ್ತದೆ. ಕಾಣುವ ತೂತು ರೂಪಾಯಿಯಷ್ಟಿದ್ದರೆ ಸುತ್ತಲಿನ ಕೊಳೆತ ಭಾಗ ತಟ್ಟೆಯಷ್ಟು ಇರುತ್ತದೆ. ಇದನ್ನು ಮೊದಲೇ ತಿಳಿದುಕೊಳ್ಳಿ, ಆಮೇಲೆ ಗಾಬರಿ ಆಗುವುದಿಲ್ಲ.

ಬೋಲ್ಟುಗಳನ್ನೂ ಒಮ್ಮೆ ನೋಡಿ. ಜಪಾನಿ ಕಾರುಗಳ ಪದ್ಧತಿಯಲ್ಲಿ 8 ಮಿ.ಮೀ. ಬೋಲ್ಟಿನ ತಲೆಗೆ 12ರ ಸ್ಪ್ಯಾನರ್ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟಿಗೆ 13ರದ್ದು ಬೇಕು. ನಾಲ್ಕರಲ್ಲಿ ಒಂದಕ್ಕೆ ಮಾತ್ರ 13 ಕೂತರೆ ಅಲ್ಲಿ ಹಿಂದೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. 10 ಮಿ.ಮೀ. ಬೋಲ್ಟಾದರೆ ಇನ್ನೊಂದು ಅಪಾಯ ಇದೆ. ಕಾರಿನ ನಟ್ಟಿನ ಥ್ರೆಡ್ ಹೆಚ್ಚಾಗಿ 1.25ರ ಸಣ್ಣ ಥ್ರೆಡ್ (ಸುತ್ತಿನಿಂದ ಸುತ್ತಿಗೆ 1.25 ಮಿ.ಮೀ. ಅಂತರ), ಅಂಗಡಿಯ ಬೋಲ್ಟು 1.5ರ ದಪ್ಪ ಥ್ರೆಡ್. ಎರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಲ ಹಾಕಿ ತಿರುಗಿಸಿದರೆ ನಟ್ಟು ಕೆಟ್ಟಿತು. ಎಷ್ಟೋ ಕಾರುಗಳಲ್ಲಿ ತುಕ್ಕಿನಿಂದ ಅಲ್ಲ, ಹೀಗೆ ತಪ್ಪು ಬೋಲ್ಟು ತುರುಕಿದ್ದರಿಂದ ಹಿಡಿತ ಹೋಗಿರುತ್ತದೆ. ಥ್ರೆಡ್ ಗೇಜ್ ಇಟ್ಟು ಅಳೆದ ಮೇಲೆಯೇ ಬೋಲ್ಟು ತರಬೇಕು.

ಮುಂದಿನ ಬೋಲ್ಟು ಸುಮ್ನೆ ಸುತ್ತುತ್ತಿದೆ ಅಂದಿರಿ. ಬಿಚ್ಚಲೂ ಬಾರದಿದ್ದರೆ ಥ್ರೆಡ್ ಹೋಗಿದ್ದಲ್ಲ. ಒಳಗಿನ ನಟ್ಟು ತನ್ನ ವೆಲ್ಡಿನಿಂದ ಕಳಚಿಕೊಂಡು ಬೋಲ್ಟಿನ ಜೊತೆ ತಾನೂ ತಿರುಗುತ್ತಿದೆ. ಅದು ಕ್ರಾಸ್ ಮೆಂಬರಿನ ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದರಿಂದ ಸ್ಪ್ಯಾನರ್ ಹೋಗುವುದಿಲ್ಲ. ಬೋಲ್ಟಿನ ತಲೆಯನ್ನು ಗ್ರೈಂಡರಿನಲ್ಲಿ ಕತ್ತರಿಸಿ ಸೀಟು ಬಿಡಿಸಿಕೊಳ್ಳಬೇಕು. ಆಮೇಲೆ ಕ್ರಾಸ್ ಮೆಂಬರಿನ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿ ಮೂರು ಕಡೆ ಕತ್ತರಿಸಿ, ಪುಸ್ತಕದ ರಟ್ಟು ತೆರೆದ ಹಾಗೆ ತಗಡನ್ನು ಮಡಚಬೇಕು. ಹಳೆ ನಟ್ಟನ್ನು ಅಲ್ಲಿಂದ ಹೊರಗೆ ತೆಗೆಯಿರಿ.

ಹೊಸ ನಟ್ಟನ್ನು ಹಾಗೇ ತಗಡಿಗೆ ಅಂಟಿಸಬಾರದು. ಲೇತ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ ಒಂದು ಪ್ಲೇಟು ಮಾಡಿಸಿ, ನಡುವೆ ತೂತು ಕೊರೆದು, ನಟ್ಟನ್ನು ಅದಕ್ಕೆ ಸುತ್ತಲೂ ವೆಲ್ಡ್ ಮಾಡಬೇಕು. ವೆಲ್ಡ್ ಮಾಡುವಾಗ ಒಂದು ಹಳೆ ಬೋಲ್ಟು ಹಾಕಿಡಿ, ಥ್ರೆಡ್ಡಿನ ಮೇಲೆ ಕಿಡಿ ಕೂರುವುದಿಲ್ಲ. ಆ ಪ್ಲೇಟನ್ನು ಪೆಟ್ಟಿಗೆಯೊಳಗೆ ತೂರಿಸಿ ಮೇಲಿನಿಂದ ಬೋಲ್ಟು ಹಾಕಿ ಬಿಗಿ ಮಾಡಿ. ಪ್ಲೇಟು ತಗಡಿಗೆ ಒತ್ತಿಕೊಂಡು ಕೂರುತ್ತದೆ. ಮೇಲಿನ ತಗಡಿನಲ್ಲಿ ಮೊದಲೇ ಕೊರೆದ 6ರಿಂದ 8 ಮಿ.ಮೀ. ತೂತುಗಳ ಮೂಲಕ ಪ್ಲೇಟಿಗೆ ವೆಲ್ಡ್ ತುಂಬಿಸಬೇಕು. ಇದಕ್ಕೆ ಪ್ಲಗ್ ವೆಲ್ಡ್ ಅನ್ನುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಇರಲಿ. ಕೊನೆಗೆ ಮಡಚಿದ ಬಾಗಿಲು ಮುಚ್ಚಿ ಅಂಚಿಗೆ ವೆಲ್ಡ್ ಮಾಡಿದರೆ ಕ್ರಾಸ್ ಮೆಂಬರ್ ಮತ್ತೆ ಪೆಟ್ಟಿಗೆ ಆಗುತ್ತದೆ. ಅದರ ಬಲವೆಲ್ಲ ಮುಚ್ಚಿದ ಪೆಟ್ಟಿಗೆ ಆಗಿರುವುದರಲ್ಲೇ ಇದೆ. ತೆರೆದು ಹಾಗೇ ಬಿಟ್ಟರೆ ಒಂದು ಮೂಲೆ ಸರಿ ಮಾಡಿ ಇನ್ನೊಂದು ಕಡೆ ಕೆಡಿಸಿದಂತೆ.

ಕೆಲವರು ವೆಲ್ಡ್ ಇಲ್ಲದೆ ತೂತಿನಲ್ಲೇ ಒತ್ತಿ ಕೂರಿಸುವ ರಿವೆಟ್ ನಟ್ಟು ಹಾಕೋಣ, ಹತ್ತು ನಿಮಿಷ ಸಾಕು ಅಂತಾರೆ. ನಂಬರ್ ಪ್ಲೇಟಿಗೆ ಅದು ಚೆನ್ನ, ಸೀಟಿಗೆ ಬೇಡ. ತೆಳು ತಗಡನ್ನು ಅದು ಕಿರಿದಾದ ಒಂದು ಉಂಗುರದಲ್ಲಿ ಮಾತ್ರ ಹಿಡಿಯುತ್ತದೆ. ಜೋರು ಎಳೆತಕ್ಕೆ ತೂತಿನಿಂದಲೇ ಕಿತ್ತು ಬರುತ್ತದೆ.

ಇನ್ನು ಹಿಂದಿನ ಬೋಲ್ಟು. ಇದೇ ದೊಡ್ಡ ಕೆಲಸ. ತುಕ್ಕು ಹಿಡಿದ ತಗಡನ್ನು ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸಿ ಎಸೆಯಬೇಕು. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಜಾಗ ಇದು. ಟಿಂಕರಿಂಗ್ ಮಾಡುವವರು ಎಷ್ಟೋ ಸಲ ಮಾಲೀಕರಿಗೆ ಬೇಜಾರಾಗುತ್ತದೆ ಅಂತ ಕಡಿಮೆ ಕತ್ತರಿಸುತ್ತಾರೆ. ನೀವೇ ನಿಂತು "ಇನ್ನೂ ಸ್ವಲ್ಪ ತೆಗೀರಿ" ಅನ್ನಿ. ತುಕ್ಕಿಗೆ ಹಾಕಿದ ವೆಲ್ಡು ನಿಲ್ಲುವುದಿಲ್ಲ. ಹಳೆ ತೂತಿನ ಮೇಲೆ ಫೈಬರ್, ಎಂ-ಸೀಲ್, ಪುಟ್ಟಿ ಮೆತ್ತುವುದಂತೂ ಬೇಡವೇ ಬೇಡ. ನೀರು ಒಳಗೆ ಬರದ ಹಾಗೆ ಅವು ತಡೆಯಬಹುದು, ಭಾರ ಹೊರುವುದಿಲ್ಲ. ಮೇಲೆ ಚೆಂದ ಕಾಣುವುದರಿಂದ ಕೆಳಗಿನ ಕೊಳೆತ ಕಣ್ಣಿಗೆ ಬೀಳುವುದಿಲ್ಲ, ಅದೇ ಹೆದರಿಕೆ.

ಹೊಸ ತಗಡು 18 ಗೇಜಿನದ್ದು ತರಿಸಿ. ಅದು ಸುಮಾರು 1.2 ಮಿ.ಮೀ. ಇರುತ್ತದೆ. ಮೂಲೆಗಳನ್ನು ಗುಂಡಗೆ ಕತ್ತರಿಸಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಹಳೆ ನೆಲದಲ್ಲಿ ಉಬ್ಬು ತಗ್ಗಿನ ಗೆರೆ ಇದ್ದರೆ ಹೊಸ ತಗಡಿನಲ್ಲೂ ಬಡಿದು ಮೂಡಿಸಬೇಕು. ಅದು ಅಂದಕ್ಕೆ ಮಾಡಿದ್ದಲ್ಲ, ತೆಳು ತಗಡಿಗೆ ಬಿಗಿ ಬರುವುದೇ ಆ ಗೆರೆಯಿಂದ. ಬೋಲ್ಟು ಬರುವ ಜಾಗದ ಅಡಿಗೆ ಮತ್ತೆ 3 ಮಿ.ಮೀ. ಪ್ಲೇಟು, ಅದಕ್ಕೆ ವೆಲ್ಡ್ ಮಾಡಿದ ನಟ್ಟು.

ಪ್ಲೇಟು ಎಷ್ಟು ದೊಡ್ಡದಿರಬೇಕು? ನಮ್ಮ ಕೊಡಗಿನ ಹುಡುಗರಿಗೆ ರ‍್ಯಾಲಿ ಅಂದರೆ ಪ್ರಾಣ, ಅಲ್ವಾ? ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಸೀಟಿಗೆ ಒಂದು ಅಳತೆ ಹಾಕಿಕೊಟ್ಟಿದೆ. ಒಂದು ಸೀಟಿಗೆ ಕನಿಷ್ಠ ನಾಲ್ಕು ಕಡೆ ಹಿಡಿತ, 8 ಮಿ.ಮೀ.ಗೆ ಕಡಿಮೆಯಿಲ್ಲದ ಬೋಲ್ಟು, ಕಬ್ಬಿಣದ ಪ್ಲೇಟು 3 ಮಿ.ಮೀ. ದಪ್ಪ, ಪ್ರತಿ ಹಿಡಿತಕ್ಕೂ ಕನಿಷ್ಠ 40 ಚದರ ಸೆಂ.ಮೀ. ವಿಸ್ತೀರ್ಣ. ಅಂದರೆ ಆರೂವರೆ ಸೆಂ.ಮೀ. ಉದ್ದ, ಅಷ್ಟೇ ಅಗಲದ ತುಂಡು. ಶಾಲೆಗೆ ಹೋಗುವ 800ಕ್ಕೆ ಆ ನಿಯಮ ಅನ್ವಯಿಸುವುದಿಲ್ಲ ನಿಜ. ಆದರೂ ನಾನು ಹಳೆ ಕಾರಿನ ನೆಲ ಕಟ್ಟುವಾಗ ಇದೇ ಅಳತೆ ಇಟ್ಟುಕೊಳ್ಳುತ್ತೇನೆ. ಹಿಂದಿನ ಬೋಲ್ಟು ಸಿಲ್ಲಿಗೆ ಹತ್ತಿರ ಇದ್ದರೆ ಪ್ಲೇಟಿನ ಒಂದು ಅಂಚನ್ನು ಮಡಚಿ ಸಿಲ್ಲಿಗೂ ಸೇರಿಸುತ್ತೇನೆ. ಆಗ ಎಳೆತ ನೆಲದ ನಡುವೆ ನಿಲ್ಲದೆ ಬಾಡಿಯ ಗಟ್ಟಿ ಭಾಗಕ್ಕೆ ಹೋಗುತ್ತದೆ.

ವೆಲ್ಡಿಂಗ್ ಯಾವುದು ಅಂತ ಕೇಳಿಯೇ ಒಪ್ಪಿಸಿ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಇಷ್ಟು ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ. ಗ್ಯಾರೇಜಿನವರು ಸಿಓಟೂ ವೆಲ್ಡಿಂಗ್ ಅನ್ನುತ್ತಾರಲ್ಲ, ಆ ಮಿಗ್ ವೆಲ್ಡಿಂಗ್ ಬೇಕು. 0.8 ಮಿ.ಮೀ. ತಂತಿ ಸರಿ. ಒಂದೇ ಸಮನೆ ಗೆರೆ ಎಳೆಯಬಾರದು. ಇಲ್ಲೊಂದು ಚುಕ್ಕೆ, ಎದುರಿಗೊಂದು ಚುಕ್ಕೆ ಹಾಕುತ್ತಾ, ಆರಲು ಬಿಡುತ್ತಾ ಸುತ್ತಬೇಕು. ಇಲ್ಲದಿದ್ದರೆ ನೆಲ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲಿನ ಬಾಡಿ ಶಾಪುಗಳಲ್ಲಿ ಮಿಗ್ ಇರುವವರನ್ನು ವಿಚಾರಿಸಿ.

ಬೆಂಕಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಪೆಟ್ರೋಲ್ ಪೈಪು, ಬ್ರೇಕ್ ಪೈಪು ನೆಲದ ಅಡಿಯಲ್ಲೇ ಹಿಂದಿನಿಂದ ಮುಂದಕ್ಕೆ ಹಾದು ಹೋಗುತ್ತವೆ. ಮೇಲೆ ಕೂತು ವೆಲ್ಡ್ ಮಾಡುವವರಿಗೆ ಅವು ಕಾಣುವುದಿಲ್ಲ. ಕಾರನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೈಪುಗಳನ್ನು ಪಕ್ಕಕ್ಕೆ ಸರಿಸಿ ಕಟ್ಟಿದ ಮೇಲೆಯೇ ಕೆಲಸ ಶುರು ಮಾಡಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಡಾಂಬರು ಹಾಳೆಯ ತುಣುಕೂ ಅಲ್ಲಿ ಉಳಿದಿರಬಾರದು, ಅದು ಹೊತ್ತಿಕೊಂಡರೆ ಆರಿಸುವುದು ಕಷ್ಟ. ಕಾರಿನ ಕೆಳಗೆ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನೋಡುತ್ತಿರಬೇಕು. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಕಾರು ಬಿಟ್ಟು ಹೋಗಬಾರದು. ಫೆಲ್ಟಿನಲ್ಲಿ ಕಿಡಿ ಸದ್ದಿಲ್ಲದೆ ಕೂತಿರುತ್ತದೆ.

ವೆಲ್ಡ್ ಆದ ಮೇಲೆ ಅದೇ ದಿನ ಜಿಂಕ್ ಪ್ರೈಮರ್ ಹಚ್ಚಿಸಿ. ನಮ್ಮ ಗಾಳಿಯ ತೇವಕ್ಕೆ ಬರಿ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಜೋಡಿಸಿದ ಗೆರೆಗಳಿಗೆ ಸೀಮ್ ಸೀಲರ್, ಅದರ ಮೇಲೆ ಪೇಂಟು, ಅಡಿಗೆ ಅಂಡರ್‌ಬಾಡಿ ಕೋಟಿಂಗ್. ಕ್ರಾಸ್ ಮೆಂಬರ್ ಮತ್ತು ಸಿಲ್ಲಿನ ಪೆಟ್ಟಿಗೆಯೊಳಗೆ ಸಣ್ಣ ನಳಿಗೆಯಿಂದ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ವೆಲ್ಡಿನ ಶಾಖಕ್ಕೆ ಒಳಗಿನ ಬಣ್ಣ ಸುಟ್ಟಿರುತ್ತದೆ, ಮತ್ತೆ ತುಕ್ಕು ಹಿಡಿಯುವುದು ಅಲ್ಲೇ. ನೀರು ಹೋಗಲು ಇರುವ ರಂಧ್ರಗಳನ್ನು ಮಾತ್ರ ಮುಚ್ಚಿಬಿಡಬಾರದು.

ಬೋಲ್ಟು ನಾಲ್ಕೂ ಹೊಸತು ಹಾಕಿ. 8.8 ಗ್ರೇಡ್ ಇರಲಿ. 8 ಮಿ.ಮೀ. ಬೋಲ್ಟಿಗೆ ಟಾರ್ಕ್ ರೆಂಚಿನಲ್ಲಿ 22ರಿಂದ 25 ನ್ಯೂಟನ್ ಮೀಟರ್ ಸಾಕು. ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಬೋಲ್ಟು ಕೊಡಲು ಬಂದರೆ ಬೇಡ ಅನ್ನಿ. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ 8.8ರಷ್ಟು ಗಟ್ಟಿ ಅಲ್ಲ, ತೇವದಲ್ಲಿ ಪಕ್ಕದ ಕಬ್ಬಿಣಕ್ಕೆ ತುಕ್ಕನ್ನು ಜಾಸ್ತಿ ಮಾಡುತ್ತದೆ. ಸೀಟು ಕೂರಿಸಿದ ಮೇಲೆ ಹಿಂದೆ ಮುಂದೆ ಸರಿಸಿ, ಎರಡೂ ಕಡೆಯ ಲಾಕು ಒಟ್ಟಿಗೆ ಕಟ್ ಅಂತ ಬೀಳುತ್ತದಾ ನೋಡಿ. ಬೋಲ್ಟಿನ ತಲೆಯಿಂದ ರೈಲಿಗೆ ಒಂದು ಪೇಂಟಿನ ಗೆರೆ ಎಳೆಸಿ. 500 ಕಿ.ಮೀ. ಓಡಿಸಿ ನೋಡುವಾಗ ಗೆರೆ ತುಂಡಾಗಿದ್ದರೆ ಬೋಲ್ಟು ಸಡಿಲವಾಗಿದೆ ಅಂತ ತಿಳಿಯುತ್ತದೆ.

ನೆಲ ತೆರೆದಿರುವಾಗಲೇ ಸೀಟ್ ಬೆಲ್ಟಿನ ಬೋಲ್ಟುಗಳನ್ನೂ ನೋಡಿಸಿ. ಸಿಲ್ಲಿನ ಹತ್ತಿರದ ಬುಡ ಮುಖ್ಯವಾಗಿ. ಅಲ್ಲಿ ಸಾಮಾನ್ಯವಾಗಿ ಇರುವುದು ಇಂಚಿನ ಥ್ರೆಡ್ಡು, 7/16 ಅಳತೆ, ಇಂಚಿಗೆ 20 ಸುತ್ತು. ಅದಕ್ಕೆ 10 ಅಥವಾ 12 ಮಿ.ಮೀ. ಬೋಲ್ಟು ತುರುಕಬಾರದು. ಅಲ್ಲೂ ತಗಡು ಮೆತ್ತಗಿದ್ದರೆ ಸೀಟು ಎಷ್ಟು ಗಟ್ಟಿ ಮಾಡಿದರೂ ಪ್ರಯೋಜನ ಇಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಬೇಡ ಅನ್ನುತ್ತೇನೆ. ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಟೊಳ್ಳಾಗಿದ್ದು, ಜಾಕ್ ಇಟ್ಟರೆ ಒಳಕ್ಕೆ ಕುಸಿದರೆ, ಕ್ರಾಸ್ ಮೆಂಬರೂ ಪುಡಿಯಾಗಿದ್ದರೆ, ಪ್ಲೇಟು ವೆಲ್ಡ್ ಮಾಡಲು ಗಟ್ಟಿ ಜಾಗವೇ ಇರುವುದಿಲ್ಲ. ಜೀಪಿಗಾದರೆ ಕೆಳಗೆ ಬೇರೆ ಚಾಸಿ ಇರುತ್ತದೆ, ನೆಲವನ್ನೇ ಹೊಸದಾಗಿ ಕಟ್ಟಬಹುದು. 800ಕ್ಕೆ ಬಾಡಿಯೇ ಚಾಸಿ. ನಿಮ್ಮ ಪತ್ರ ನೋಡಿದರೆ ಅಷ್ಟು ಕೆಟ್ಟಿರಲಾರದು ಅನ್ನಿಸುತ್ತದೆ. ಆದರೆ ಎತ್ತಿ ನೋಡಿದ ಮೇಲೆಯೇ ಖರ್ಚು ಶುರು ಮಾಡಿ. 2012, 2017, 2022 ಅಂತ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸುತ್ತಾ ಬಂದಿರುತ್ತೀರಿ. ಮುಂದಿನದು 2027ಕ್ಕೆ. ಅದಕ್ಕೂ ಈ ಕೆಲಸ ಒದಗುತ್ತದೆ.

ಕೊನೆಗೆ, ನೀರು ಎಲ್ಲಿಂದ ಬಂತು ಅಂತ ಹುಡುಕದೆ ಮ್ಯಾಟು ಹಾಕಬೇಡಿ. ತೋಟದ ನಡುವೆ ಕಾರು ನಿಲ್ಲಿಸುತ್ತೀರಾದರೆ ಮೊದಲು ವೈಪರಿನ ಕೆಳಗಿನ ಗಾಳಿ ಕಿಂಡಿ ನೋಡಿ. ಸಿಲ್ವರ್ ಓಕ್ ಎಲೆ ಅಲ್ಲಿ ತುಂಬಿ ನೀರು ಒಳಗೆ ತಿರುಗುತ್ತದೆ. ಆಮೇಲೆ ಗ್ಲಾಸಿನ ರಬ್ಬರು, ಬಾಗಿಲ ಅಡಿಯ ರಂಧ್ರಗಳು, ಬಾಗಿಲ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ನೆಲಕ್ಕೆ ಒಣ ಪೇಪರ್ ಹಾಸಿ. ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ. ಮೊದಲು ಒದ್ದೆಯಾದ ಪೇಪರೇ ದಾರಿ ತೋರಿಸುತ್ತದೆ.

ಅಪ್ಪ ಈ ಕಾರಿನಲ್ಲಿ ತೋಟಕ್ಕೆ ಏನೇನು ಸಾಗಿಸುತ್ತಿದ್ದರು ಅಂತಲೂ ಕೇಳಿ ನೋಡಿ. ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪೇ, ಚೀಲ ಸೋರಿ ಫೆಲ್ಟಿಗೆ ಇಳಿದರೆ ತೇವ ಹೀರಿಕೊಂಡು ತಗಡು ತಿನ್ನುತ್ತದೆ. ತೋಟಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ತರುವ ಮೈಲುತುತ್ತ ಇನ್ನೂ ಕೆಟ್ಟದ್ದು. ಅದರ ನೀರಿನಲ್ಲಿ ಮೊಳೆ ಇಟ್ಟರೆ ತಾಮ್ರ ಕೂತು ಕಬ್ಬಿಣ ಕರಗುವ ಪ್ರಯೋಗ ನಿಮ್ಮ ಶಾಲೆಯಲ್ಲೂ ಮಾಡಿಸುತ್ತೀರಲ್ಲ, ನೆಲದಲ್ಲೂ ಅದೇ ಆಗುತ್ತದೆ. ಇವೇನಾದರೂ ಚೆಲ್ಲಿದ್ದರೆ ಹಳೆ ಫೆಲ್ಟು ಎಸೆದು, ನೆಲವನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್ ಹಚ್ಚಿಸಿ.

ಜೂನ್‌ಗೆ ಮೊದಲೇ ಇದೆಲ್ಲ ಮುಗಿಯಲಿ. ಮಳೆ ಹಿಡಿದರೆ ಪೇಂಟು ಒಣಗುವುದಿಲ್ಲ. ಮೊದಲ ಎರಡು ವಾರದ ಮಳೆಗೆ ಮ್ಯಾಟು ಇಲ್ಲದೆ ಬರಿ ನೆಲದಲ್ಲೇ ಓಡಿಸಿ, ಶಾಲೆ ಮುಟ್ಟಿದಾಗ ಸೀಟಿನ ಅಡಿಗೆ ಒಮ್ಮೆ ಕೈ ಹಾಕಿ ನೋಡಿ. ಒಣಗಿದ್ದರೆ ಹೊಸ ಮ್ಯಾಟು ಹಾಕಿಸಬಹುದು.